ಸಂಕಲ್ಪವೇ ಮೊದಲ ಮೆಟ್ಟಿಲು



ದೇವರ ಮುಂದೆ ನಿಂತು ಮನುಷ್ಯ ಕೇಳುವ ಬೇಡಿಕೆಗಳಲ್ಲಿ ಎರಡು ಬಗೆ. ‘ಸ್ವಾಮಿ, ಇದನ್ನು ಕೊಡಪ್ಪ’ ಎಂದು ಕೇಳುವುದು ಒಂದು. ‘ಸ್ವಾಮಿ, ಏನು ಮಾಡಲಿ ಹೇಳಪ್ಪ’ ಎಂದು ಕೇಳುವುದು ಇನ್ನೊಂದು. ಮೊದಲನೆಯ ಬೇಡಿಕೆಯಲ್ಲಿ ಸಂತಾನ, ಮದುವೆ, ಮಳೆ ಬೆಳೆ ಎಲ್ಲವೂ ಬಂತು. ಎರಡನೆಯದು ಅದಕ್ಕಿಂತ ಭಾರ. ಅಂಗಡಿ ಇಡಲೋ ಬೇಡವೋ, ಸಾಲ ತೆಗೆಯಲೋ ಬೇಡವೋ, ಡಾಕ್ಟರು ಆಪರೇಷನ್ ಅಂದಿದ್ದಾರೆ, ಮಾಡಿಸಲೋ ಬೇಡವೋ ಎಂಬ ‘ಓ’ಗಳ ಗಂಟನ್ನು ತಲೆಯ ಮೇಲೆ ಹೊತ್ತುಕೊಂಡು ಅನೇಕರು ಬೆಟ್ಟ ಹತ್ತುತ್ತಾರೆ. ಹಣ್ಣುಕಾಯಿ ಮಾಡಿಸಿ, ಮಂಗಳಾರತಿ ತೆಗೆದುಕೊಂಡು, ಅದೇ ಗಂಟನ್ನು ಹೊತ್ತುಕೊಂಡು ಇಳಿದು ಹೋಗುತ್ತಾರೆ. ಮುಂದಿನ ವರ್ಷ ಜಾತ್ರೆಗೆ ಮತ್ತೆ ಅದೇ ಗಂಟು.

ಬಡತನಕ್ಕಿಂತಲೂ ರೋಗಕ್ಕಿಂತಲೂ ಮೊದಲು ಮನುಷ್ಯನನ್ನು ಕಟ್ಟಿಹಾಕುವುದು ಈ ‘ಮಾಡಲೋ ಬೇಡವೋ’. ಇದಕ್ಕೆ ಹಿರಿಯರು ಸಂಶಯ ಎಂದರು, ಚಂಚಲ ಎಂದರು. ಆಡುಮಾತಿನಲ್ಲಿ ‘ನೋಡೋಣ’ ಅನ್ನುತ್ತಾರೆ. ನೋಡೋಣ ಅನ್ನುವವರು ಯಾವಾಗ ನೋಡುತ್ತಾರೆ, ಏನನ್ನು ನೋಡುತ್ತಾರೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಹಿಂದೆ ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಮನೆ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆಯುವ ರೂಢಿ ಇತ್ತು. ರಾತ್ರಿ ಬಾಗಿಲು ಬಡಿಯುವ ದೆವ್ವ ಅದನ್ನು ಓದಿಕೊಂಡು ಹಿಂದಕ್ಕೆ ಹೋಗುತ್ತದೆ, ಮರುದಿನ ಬಂದರೆ ಮತ್ತೆ ‘ನಾಳೆ ಬಾ’ ಎಂದೇ ಇರುತ್ತದೆ ಎಂಬ ನಂಬಿಕೆ. ದೆವ್ವಕ್ಕೆ ಬರೆದರೆ ಬರೆಯಲಿ. ಆದರೆ ಆರೋಗ್ಯ ಬಂದು ಬಾಗಿಲು ತಟ್ಟಿದರೆ ‘ನಾಳೆ ಬಾ’, ಒಳ್ಳೆಯ ಕೆಲಸ ಬಂದು ತಟ್ಟಿದರೆ ‘ನಾಳೆ ಬಾ’ ಎಂದು ಬರೆದುಕೊಂಡು ಕೂತರೆ ಏನು ಗತಿ? ‘ನಾಳೆ ಎಂದವನ ಮನೆ ಹಾಳು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಅನುಮಾನ ಬರುವುದು ತಪ್ಪಲ್ಲ

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಅನುಮಾನ ಬಂತು ಎಂದು ಯಾರೂ ನಾಚಿಕೆ ಪಡಬೇಕಾಗಿಲ್ಲ. ಮಹಾವೀರನಾದ ಅರ್ಜುನನಿಗೇ ಬಂತು. ಕುರುಕ್ಷೇತ್ರದಲ್ಲಿ ಎರಡು ಸೈನ್ಯಗಳ ನಡುವೆ ರಥ ನಿಂತಾಗ ಅವನ ಕೈಯಿಂದ ಗಾಂಡೀವ ಜಾರಿತು, ಬಾಯಿ ಒಣಗಿತು, ಮೈ ನಡುಗಿತು. ‘ಶಕುನಗಳು ಸರಿಯಾಗಿ ಕಾಣುತ್ತಿಲ್ಲ’ ಎಂಬ ಮಾತನ್ನೂ ಅವನು ಸೇರಿಸಿದ. ಕೊನೆಗೆ ಬಿಲ್ಲು ಕೆಳಗಿಟ್ಟು ರಥದಲ್ಲಿ ಕುಳಿತುಬಿಟ್ಟ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಶ್ರೀಕೃಷ್ಣ ಮುಂದೆ ಅಷ್ಟು ಅಧ್ಯಾಯ ಉಪದೇಶ ಮಾಡಿದರೂ ಅರ್ಜುನ ಹೇಳಿದ ಶಕುನದ ಮಾತನ್ನು ಎತ್ತಿಕೊಳ್ಳುವುದೇ ಇಲ್ಲ. ಮನಸ್ಸು ಹಿಂಜರಿದಾಗ ಶಕುನ ತಾನಾಗಿ ಕೆಟ್ಟದಾಗಿ ಕಾಣುತ್ತದೆ ಎಂಬುದು ಪರಮಾತ್ಮನಿಗೆ ಗೊತ್ತಿತ್ತು. ಎರಡು, ಹದಿನೆಂಟನೇ ಅಧ್ಯಾಯದ ಕೊನೆಗೆ ಕೃಷ್ಣ ‘ನಾನು ಹೇಳಿದ್ದನ್ನು ಚೆನ್ನಾಗಿ ಆಲೋಚನೆ ಮಾಡು, ಆಮೇಲೆ ನಿನಗೆ ಸರಿ ಕಂಡಂತೆ ಮಾಡು’ ಎಂಬ ಅರ್ಥದ ಮಾತು ಹೇಳುತ್ತಾನೆ. ನಿರ್ಧಾರ ಮಾಡುವ ಹೊಣೆಯನ್ನು ಭಗವಂತನೇ ಮನುಷ್ಯನ ಕೈಗೆ ಕೊಟ್ಟುಬಿಟ್ಟ. ಅರ್ಜುನ ಆಗ ‘ಇನ್ನೊಂದು ಸಲ ಹೇಳು, ನಾಳೆ ನೋಡೋಣ’ ಅನ್ನಲಿಲ್ಲ. ಎದ್ದು ನಿಂತ. ಅನುಮಾನ ಕೇಳುವುದಕ್ಕೆ ಒಂದು ಹೊತ್ತು, ಎದ್ದು ನಿಲ್ಲುವುದಕ್ಕೆ ಒಂದು ಹೊತ್ತು. ಎರಡನ್ನೂ ಬೆರೆಸಬಾರದು.

ತಡವೂ ಒಳ್ಳೆಯದಾದ ಕಥೆ

ಹಾಗಾದರೆ ಎಲ್ಲವನ್ನೂ ಅವಸರದಲ್ಲಿ ಮಾಡಬೇಕೇ ಎಂದರೆ ಅದೂ ಅಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮರು ಧರ್ಮರಾಯನಿಗೆ ಚಿರಕಾರಿಯ ಕಥೆ ಹೇಳುತ್ತಾರೆ. ಚಿರಕಾರಿ ಎಂದರೆ ನಿಧಾನವಾಗಿ ಕೆಲಸ ಮಾಡುವವನು. ಗೌತಮ ಮಹರ್ಷಿಯ ಮಗ. ಏನನ್ನು ಮಾಡಬೇಕಾದರೂ ಬಹಳ ಹೊತ್ತು ಯೋಚಿಸುವವನಾದ್ದರಿಂದ ಜನ ಅವನನ್ನು ಸೋಮಾರಿ, ಮಂದಬುದ್ಧಿ ಎಂದು ಆಡಿಕೊಳ್ಳುತ್ತಿದ್ದರು. ಒಂದು ದಿನ ಗೌತಮರು ಹೆಂಡತಿಯ ಮೇಲೆ ಸಿಟ್ಟಾಗಿ ‘ನಿನ್ನ ತಾಯಿಯನ್ನು ಕೊಂದುಹಾಕು’ ಎಂದು ಮಗನಿಗೆ ಆಜ್ಞೆ ಮಾಡಿ ಕಾಡಿಗೆ ಹೊರಟುಹೋದರು.

ತಂದೆಯ ಮಾತು ಮೀರುವಂತಿಲ್ಲ, ತಾಯಿಯನ್ನು ಕೊಲ್ಲುವಂತಿಲ್ಲ. ಚಿರಕಾರಿ ತನ್ನ ಸ್ವಭಾವದಂತೆ ಯೋಚನೆ ಮಾಡುತ್ತಲೇ ನಿಂತ. ಅತ್ತ ಕಾಡಿನಲ್ಲಿ ಗೌತಮರ ಸಿಟ್ಟು ಇಳಿಯಿತು. ಎಂಥ ಪಾಪದ ಮಾತು ಆಡಿಬಿಟ್ಟೆ ಎಂದು ಕಣ್ಣೀರು ಹಾಕುತ್ತಾ, ಇವತ್ತೊಂದು ದಿನ ಮಗ ತನ್ನ ಹೆಸರಿಗೆ ತಕ್ಕಂತೆ ತಡ ಮಾಡಿರಲಪ್ಪ ಎಂದು ಹಂಬಲಿಸುತ್ತಾ ಓಡಿ ಬಂದರು. ಬಂದು ನೋಡಿದರೆ ತಾಯಿ ಬದುಕಿದ್ದಳು. ಮಗ ಆಯುಧ ಕೆಳಗೆ ಹಾಕಿ ತಂದೆಯ ಕಾಲಿಗೆ ಬಿದ್ದ. ತಂದೆ ಮಗನನ್ನು ಅಪ್ಪಿಕೊಂಡು ಹರಸಿದರು.

ಈ ಕಥೆಯಿಂದ ಅಳತೆಗೋಲು ಸಿಗುತ್ತದೆ. ಮಾಡಿದ ಮೇಲೆ ಹಿಂದಕ್ಕೆ ತೆಗೆಯಲಾಗದ ಕೆಡುಕಿನ ಕೆಲಸಕ್ಕೆ ತಡ ಮಾಡಬೇಕು. ಸಿಟ್ಟಿನಲ್ಲಿ ಆಡುವ ಮಾತಿಗೆ ತಡ ಮಾಡಬೇಕು. ಅಣ್ಣತಮ್ಮಂದಿರ ಮೇಲೆ ಕೋರ್ಟಿಗೆ ಹೋಗುವುದಕ್ಕೆ, ಹೊಲ ಮಾರುವುದಕ್ಕೆ, ಯಾರೋ ಹೇಳಿದರೆಂದು ಚೀಟಿಗೆ ದುಡ್ಡು ಕಟ್ಟುವುದಕ್ಕೆ ನಾಲ್ಕು ದಿನ ತಡವಾದರೆ ಲಾಭವೇ. ಆದರೆ ಕಾದಷ್ಟೂ ಕೆಡುವ ಕೆಲಸಗಳೂ ಇವೆ. ಹದ ಆರುವ ಹೊಲ, ಬೆಳೆಯುವ ಗಂಟು, ಏರುವ ಬಡ್ಡಿ ಇವು ಯಾವುವೂ ಮನುಷ್ಯನ ಯೋಚನೆ ಮುಗಿಯಲಿ ಎಂದು ಕಾಯುವುದಿಲ್ಲ. ‘ತಡ ಮಾಡಿದರೆ ಇದು ಸರಿಹೋಗುತ್ತದೆಯೋ, ಕೆಡುತ್ತದೆಯೋ?’ ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಂಡರೆ ಅರ್ಧ ಅನುಮಾನ ಅಲ್ಲೇ ಹರಿಯುತ್ತದೆ.

ಸಮುದ್ರದ ದಡದಲ್ಲಿ ಕೂತವರು

ಸೀತೆಯನ್ನು ಹುಡುಕಲು ದಕ್ಷಿಣ ದಿಕ್ಕಿಗೆ ಹೊರಟ ಕಪಿಗಳ ಪಾಡೂ ಹೀಗೇ ಆಯಿತು. ಸುಗ್ರೀವ ಕೊಟ್ಟಿದ್ದ ಒಂದು ತಿಂಗಳ ಗಡುವು ಮುಗಿದುಹೋಯಿತು. ಸೀತೆ ಸಿಗಲಿಲ್ಲ. ಬರಿಗೈಯಲ್ಲಿ ಹೋದರೆ ರಾಜ ದಂಡಿಸುತ್ತಾನೆ ಎಂಬ ಭಯಕ್ಕೆ ಅಂಗದ ಮೊದಲಾದವರು ಉಪವಾಸ ಕೂತು ಪ್ರಾಣ ಬಿಡುತ್ತೇವೆ ಎಂದು ದರ್ಭೆ ಹಾಸಿಕೊಂಡು ಕೂತರು. ಹೆದರಿದ ಮನಸ್ಸಿಗೆ ಸಾಯುವುದೂ ಸುಲಭವಾಗಿ ಕಾಣುತ್ತದೆ, ಮುಂದಿನ ಹೆಜ್ಜೆ ಇಡುವುದು ಮಾತ್ರ ಕಷ್ಟ.

ಸಂಪಾತಿ ಎಂಬ ಮುದಿ ಹದ್ದು ಬಂದು, ಸೀತೆ ಲಂಕೆಯಲ್ಲಿದ್ದಾಳೆ, ಲಂಕೆ 100 ಯೋಜನ ದೂರ ಎಂದು ತಿಳಿಸಿತು. ಈಗ ದಾರಿ ಗೊತ್ತಾಯಿತು. ಆದರೂ ಯಾರೂ ಏಳಲಿಲ್ಲ. ಒಬ್ಬ 10 ಯೋಜನ ಹಾರಬಲ್ಲೆ ಎಂದ, ಇನ್ನೊಬ್ಬ 20 ಎಂದ. ಜಾಂಬವಂತ ತನಗೆ ವಯಸ್ಸಾಯಿತು, 90ಕ್ಕೆ ಮೇಲೆ ಆಗದು ಎಂದ. ಅಂಗದ 100 ಯೋಜನ ಹಾರಿಯೇನು, ವಾಪಸು ಬರುವುದು ಅನುಮಾನ ಎಂದ. ಲೆಕ್ಕವೆಲ್ಲ ಆಯಿತು, ಸಮುದ್ರ ಇದ್ದಲ್ಲೇ ಇತ್ತು. ಆಂಜನೇಯ ಒಂದು ಕಡೆ ಸುಮ್ಮನೆ ಕೂತಿದ್ದ.

ಆಗ ಜಾಂಬವಂತ ಮಾಡಿದ ಕೆಲಸ ನೋಡಿ. ಸಮುದ್ರ ಸಣ್ಣದು, ಹೆದರಬೇಡ ಎಂದು ಅವನು ಸುಳ್ಳು ಹೇಳಲಿಲ್ಲ. ಸುಮ್ಮನೆ ಕೂತವನ ಹತ್ತಿರ ಹೋಗಿ, ನೀನು ಯಾರ ಮಗ, ನಿನ್ನ ಶಕ್ತಿ ಏನು ಎಂಬುದನ್ನು ನೆನಪು ಮಾಡಿದ. ಅಷ್ಟೇ ಸಾಕಾಯಿತು. ಹನುಮ ಎದ್ದ, ಮಹೇಂದ್ರಗಿರಿಯನ್ನು ಹತ್ತಿದ, ಅಲ್ಲಿಂದ ಹಾರಿದ. ನಡುವೆ ಮೈನಾಕ ಪರ್ವತ ಮೇಲೆದ್ದು ‘ಸ್ವಲ್ಪ ಹೊತ್ತು ಕೂತು ದಣಿವಾರಿಸಿಕೋ’ ಎಂದು ಉಪಚಾರ ಮಾಡಿತು. ಹನುಮ ಅದನ್ನು ಪ್ರೀತಿಯಿಂದ ಕೈಯಿಂದ ಮುಟ್ಟಿ ಮುಂದೆ ಹೊರಟ. ನಡುದಾರಿಯಲ್ಲಿ ‘ಕೂತ್ಕೋ, ಆಮೇಲೆ ಹೋದರಾಯ್ತು’ ಎನ್ನುವ ಮೈನಾಕರು ಎಲ್ಲರ ಮನೆಯಲ್ಲೂ ಇರುತ್ತಾರೆ. ಅವರ ಮೇಲೆ ಸಿಟ್ಟಾಗುವುದು ಬೇಡ. ಮುಟ್ಟಿ ನಮಸ್ಕಾರ ಮಾಡಿ ಮುಂದೆ ಹೋಗಬೇಕು.

ಪ್ರತಿ ಮನೆಗೂ ಒಬ್ಬ ಜಾಂಬವಂತನೂ ಬೇಕು. ಅಪ್ಪ ಆಸ್ಪತ್ರೆಗೆ ಹೆದರುತ್ತಿದ್ದರೆ ‘ಏಳಪ್ಪ, ನಾನು ಜೊತೆಗೆ ಬರ್ತೀನಿ’ ಎನ್ನುವ ಮಗಳೇ ಜಾಂಬವಂತ.

ಹೂವಿನ ಪ್ರಸಾದ ಮತ್ತು ಡಾಕ್ಟರ ಮಾತು

ದೇವರಲ್ಲಿ ಹೂವು ಕೇಳುವ ಪದ್ಧತಿ ನಾಡಿನ ಅನೇಕ ದೇವಸ್ಥಾನಗಳಲ್ಲಿದೆ. ಬಲಗಡೆ ಹೂವು ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಇಲ್ಲ ಎಂದು ಭಕ್ತರು ತಿಳಿಯುತ್ತಾರೆ. ಎರಡೂ ಒಳ್ಳೆಯದೇ ಆಗಿರುವ ದಾರಿಗಳಲ್ಲಿ ಯಾವುದು ಎಂದು ಮನಸ್ಸು ತೂಗಾಡುವಾಗ ಹೂವಿನಿಂದ ಸಮಾಧಾನ ಸಿಗುತ್ತದೆ. ಆದರೆ ಯಾವುದನ್ನು ಕೇಳಬೇಕು, ಯಾವುದನ್ನು ಕೇಳಬಾರದು ಎಂಬ ವಿವೇಕ ಭಕ್ತರಿಗೆ ಇರಬೇಕು.

ಒಬ್ಬ ತಾಯಿಗೆ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕಾಣಿಸಿತು ಎಂದಿಟ್ಟುಕೊಳ್ಳಿ. ನೋವಿಲ್ಲ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ‘ತಡ ಮಾಡಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿ’ ಎಂದು ಬರೆದುಕೊಟ್ಟರು. ಆಕೆ ಗಂಡನಿಗೆ, ‘ರೀ, ಮಗಳ ಮದುವೆ ಒಂದು ಮುಗೀಲಿ, ಈಗ್ಲೇ ಹೇಳಿದ್ರೆ ಗಂಡಿನ ಕಡೆಯೋರು ಏನಂದ್ಕೋತಾರೆ’ ಎಂದಳು. ಗಂಡನಿಗೂ ಒಳಗೇ ಭಯ, ‘ದೇವರ ಹೂವು ಕೇಳಿ ನೋಡೋಣ’ ಎಂದ. ಹೂವು ಎಡಕ್ಕೆ ಬಿತ್ತು. ಮುಂದಿನ ಅಮಾವಾಸ್ಯೆಗೆ ಮತ್ತೆ ಬಂದರು, ಆಗಲೂ ಆಗಲಿಲ್ಲ. ಆಮೇಲೆ ಮದುವೆ ಬಂತು, ಆಷಾಢ ಬಂತು. ಹೂವು ಬಲಕ್ಕೆ ಬೀಳುವ ಹೊತ್ತಿಗೆ ಗಂಟು ನಿಂಬೆಹಣ್ಣಿನಷ್ಟಾಗಿತ್ತು.

ಇಂಥ ಹೊತ್ತಿನಲ್ಲಿ ತಿಳಿದ ಅರ್ಚಕರು ಹೇಳುವ ಮಾತು ಒಂದೇ. ‘ತಾಯಿ, ಹೂವು ನಿಮ್ಮ ಮನಸ್ಸಿನ ಸಮಾಧಾನಕ್ಕೆ. ಗಂಟು ಅಮಾವಾಸ್ಯೆ ಪೌರ್ಣಮಿ ನೋಡೋದಿಲ್ಲ ಕಣವ್ವ. ಮೊದಲು ಆಸ್ಪತ್ರೆಗೆ ಹೋಗಿ, ಪೂಜೆ ಇಲ್ಲಿ ನಾವು ಮಾಡ್ತೀವಿ.’ ಕ್ಯಾನ್ಸರ್ ಆಗಿದ್ದರೂ ಮೊದಲ ಹಂತದಲ್ಲೇ ಗೊತ್ತಾದರೆ ಚಿಕಿತ್ಸೆ ಸಣ್ಣದು, ವಾಸಿಯಾಗುವ ಅವಕಾಶ ದೊಡ್ಡದು. ತಡವಾದಷ್ಟೂ ಚಿಕಿತ್ಸೆ ದೊಡ್ಡದು, ಅವಕಾಶ ಸಣ್ಣದು. ಎದೆಯ ಗಂಟುಗಳೆಲ್ಲ ಕ್ಯಾನ್ಸರ್ ಆಗಿರುವುದಿಲ್ಲ ಎಂಬುದೂ ನಿಜ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದು ಪರೀಕ್ಷೆಯಿಂದ ಗೊತ್ತಾಗಬೇಕೇ ಹೊರತು ಹೂವಿನಿಂದ ಅಲ್ಲ. ಡಾಕ್ಟರನ್ನು ಕೇಳಬೇಕಾದ್ದನ್ನು ದೇವರನ್ನು ಕೇಳಿ, ದೇವರ ಮೇಲೆ ತಪ್ಪು ಹೊರಿಸುವುದು ಭಕ್ತಿಯಲ್ಲ. ಡಾಕ್ಟರಿಗೆ ಆ ವಿದ್ಯೆ ಕೊಟ್ಟವನೂ ಅದೇ ಸ್ವಾಮಿ ಅಲ್ಲವೇ?

ಇನ್ನು ಕೆಲವು ವಿಷಯಗಳಲ್ಲಂತೂ ಯೋಚನೆಗೆ ಒಂದು ಗಳಿಗೆಯೂ ಇಲ್ಲ.

ಎದೆ ಹಿಸುಕಿದಂತಾಗಿ, ಬೆವರು ಕಿತ್ತುಕೊಂಡು, ನೋವು ಎಡಗೈಗೋ ದವಡೆಗೋ ಹರಿದರೆ ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಮಲಗಬಾರದು. 2008ರಿಂದ ರಾಜ್ಯದಲ್ಲಿ 108 ಆಂಬುಲೆನ್ಸ್ ಇದೆ, ಕೂಡಲೇ ಕರೆಯಬೇಕು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡೇ ಮರುಗಿತು. ಆಮೇಲೆ ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದು, ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು ತುರ್ತು ಇಂಜೆಕ್ಷನ್ ಕೊಡುವ ವ್ಯವಸ್ಥೆ ಮಾಡಿತು. ಆದರೆ ಆಸ್ಪತ್ರೆಯ ಬಾಗಿಲವರೆಗೆ ಹೋಗುವ ನಿರ್ಧಾರ ಮನೆಯವರದೇ.

ಹಾವು ಕಡಿದರೆ ಮಂತ್ರ ಹಾಕಿಸಲು ಊರೂರು ಅಲೆಯಬಾರದು. ಕಡಿದ ಜಾಗ ಕೊಯ್ಯಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಕೈಕಾಲು ಆಡಿಸದಂತೆ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು. ವಿಷಕ್ಕೆ ಪ್ರತಿವಿಷದ ಇಂಜೆಕ್ಷನ್ ಒಂದೇ ಮದ್ದು. ಇದರ ಗಂಭೀರತೆ ತಿಳಿದೇ 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಲಸಿಕೆ ಶುರು ಮಾಡಿಸಬೇಕು.

ರಾಹುಕಾಲ ಎಂದು ಹೆದರುವವರು ಒಂದು ಲೆಕ್ಕ ನೆನಪಿಡಬೇಕು. ರಾಹುಕಾಲ ದಿನಕ್ಕೆ ಸುಮಾರು ಒಂದೂವರೆ ಗಂಟೆ. ಉಳಿದ ಹೊತ್ತೆಲ್ಲ ಯಾಕೆ ಹೋಗಲಿಲ್ಲ? ಪ್ರಾಣಕ್ಕೆ ಅಪಾಯ ಬಂದಾಗ ರಾಹುಕಾಲವೂ ಇಲ್ಲ, ಗುಳಿಕಕಾಲವೂ ಇಲ್ಲ.

ಬಿಪಿ, ಸಕ್ಕರೆ ಕಾಯಿಲೆಗಳು ಬಹಳ ಜನರಿಗೆ ಮೊದಮೊದಲು ನೋವೇ ಕೊಡುವುದಿಲ್ಲ. ಸದ್ದಿಲ್ಲದೆ ಒಳಗೆ ಕಣ್ಣು, ಮೂತ್ರಪಿಂಡ, ಹೃದಯ ತಿನ್ನುತ್ತವೆ. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವುಗಳ ತಪಾಸಣೆ ಉಚಿತ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆಯೂ, ಕ್ಷಯವೆಂದು ತಿಳಿದರೆ ಔಷಧವೂ ಉಚಿತ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ನೆರವಿದೆ. ‘ದುಡ್ಡಿಲ್ಲ’ ಎಂಬುದು ನಿಜವಾದ ಕಷ್ಟವೇ, ಆದರೆ ವಿಚಾರಿಸಿ ನೋಡದೆ ಅದನ್ನೇ ನೆಪ ಮಾಡಿಕೊಳ್ಳಬಾರದು.

ಕಣ್ಣಿನ ಪೊರೆ ತೆಗೆಸಲು ಹಳ್ಳಿಯ ಜನ ಹೆದರುತ್ತಿದ್ದ ಕಾಲದಲ್ಲಿ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಉಚಿತ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ಆಪರೇಷನ್ ಮಾಡಿದರು. ಅವರು 2005ರಲ್ಲಿ ತೀರಿಕೊಂಡರು. ಬಂದವರಿಗೆಲ್ಲ ಧೈರ್ಯ ಮೊದಲೇ ಇತ್ತೆಂದು ತಿಳಿಯಬೇಡಿ. ಪಕ್ಕದ ಮನೆಯವರು ಹೋದರೆಂದು ತಾವೂ ನಡುಗುತ್ತಲೇ ಹೋದವರು ಎಷ್ಟೋ ಮಂದಿ ಇದ್ದಾರು. ಧೈರ್ಯ ಬಂದ ಮೇಲೆ ಹೆಜ್ಜೆ ಇಡುತ್ತೇನೆ ಎಂದರೆ ಆಗದು, ಹೆಜ್ಜೆ ಇಟ್ಟವನಿಗೆ ಧೈರ್ಯ ಹಿಂದೆಯೇ ಬರುತ್ತದೆ.

ಇಲ್ಲಿ ಇನ್ನೊಂದು ಮಾತು. ಮಂಡಿನೋವು, ಹೃದಯದ ತೊಂದರೆ ಇರುವವರು ಹರಕೆ ತಪ್ಪುತ್ತದೆಂದು ಹೆದರಿ ಮೆಟ್ಟಿಲು ಹತ್ತುವ ಹಟ ಮಾಡಬಾರದು. ಮೊದಲ ಮೆಟ್ಟಿಲಿಗೆ ಕರ್ಪೂರ ಹಚ್ಚಿ, ನಮಸ್ಕರಿಸಿ, ಬಸ್ಸಿನಲ್ಲಿ ಬಂದರೂ ಸ್ವಾಮಿ ಬೇಡ ಅನ್ನುವುದಿಲ್ಲ. ‘ಇದು ನನ್ನ ಕೈಲಾಗದು’ ಎಂದು ತಿಳಿದು ಬಿಡುವುದೂ ಒಂದು ಒಳ್ಳೆಯ ನಿರ್ಧಾರವೇ.

ಹೊಲ, ಅಂಗಡಿ, ಕಾಯಕ

ಕೆಲಸದ ವಿಷಯದಲ್ಲಿ ರೈತನಷ್ಟು ದೊಡ್ಡ ಗುರು ಬೇರಿಲ್ಲ. ಮೃಗಶಿರ, ಆರಿದ್ರಾ, ಪುನರ್ವಸು ಎಂದು ಮಳೆ ನಕ್ಷತ್ರಗಳ ಲೆಕ್ಕ ಅವನಿಗೆ ಬಾಯಿಪಾಠ. ಒಳ್ಳೆಯ ಮಳೆ ಬಿದ್ದು ಹದವಾದರೆ ಬಿತ್ತನೆಗೆ ಎರಡು ಮೂರು ದಿನ ಸಿಕ್ಕೀತು. ಮುಂದೆ ಮಳೆ ಕೈಕೊಡುತ್ತದೋ ಏನೋ ಎಂಬ ಅನುಮಾನ ಅವನಿಗಿಲ್ಲವೇ? ಇದೆ. ಆದರೂ ಬಿತ್ತುತ್ತಾನೆ. ಬಿತ್ತಿದವನ ಹೊಲದಲ್ಲಿ ಬೆಳೆ ಬಂದರೂ ಬರಬಹುದು, ಹೋದರೂ ಹೋಗಬಹುದು. ಬಿತ್ತದವನ ಹೊಲದಲ್ಲಿ ಕಳೆ ಮಾತ್ರ ಬರುತ್ತದೆ.

ಶರಣ ಆಯ್ದಕ್ಕಿ ಮಾರಯ್ಯನವರ ಕಥೆ ಎಲ್ಲರಿಗೂ ಗೊತ್ತಿದೆ. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಮ್ಮೆ ಅನುಭವ ಮಂಟಪದಲ್ಲಿ ಮಾತು ಕೇಳುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಆಗ ಹೆಂಡತಿ ಲಕ್ಕಮ್ಮ ಬಂದು ಕಾಯಕ ತಪ್ಪುತ್ತಿದೆ ಎಂದು ಎಚ್ಚರಿಸಿದಳು. ಒಳ್ಳೆಯ ಮಾತು ಕೇಳುವುದೂ ಕೆಲಸ ಮುಂದೂಡಲು ಒಂದು ನೆಪವಾಗಬಲ್ಲದು ಎಂಬುದನ್ನು ಆ ತಾಯಿ ಕಂಡಿದ್ದಳು. ಈ ಪುಸ್ತಕ ಓದುವುದಕ್ಕೂ ಅದೇ ಮಾತು ಸಲ್ಲುತ್ತದೆ!

ಸಂಕಲ್ಪ ಮಾಡುವ ಕ್ರಮ

ಯಾವ ಪೂಜೆಗೂ ಮೊದಲು ಸಂಕಲ್ಪವಿದೆ. ಸಂಕಲ್ಪದಲ್ಲಿ ಏನೇನು ಹೇಳುತ್ತಾರೆ, ಕಿವಿಗೊಟ್ಟು ಕೇಳಿ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ಇರುವ ಸ್ಥಳ, ಮಾಡಿಸುವವರ ಗೋತ್ರ, ನಕ್ಷತ್ರ, ಹೆಸರು, ಕೊನೆಗೆ ಮಾಡುವ ಕೆಲಸ. ಯಾರು, ಎಲ್ಲಿ, ಯಾವತ್ತು, ಏನು ಎಂಬ ನಾಲ್ಕೂ ಇಲ್ಲದೆ ಸಂಕಲ್ಪ ಇಲ್ಲ. ಕಛೇರಿಯಲ್ಲಿ ಸೇವಾ ರಶೀದಿ ಬರೆಸುವಾಗಲೂ ಹೆಸರು, ತಾರೀಖು, ಸೇವೆ ಯಾವುದು ಎಂದು ಹೇಳಲೇಬೇಕು. ‘ಯಾವತ್ತೋ ಒಂದು ದಿನ, ಯಾವುದೋ ಒಂದು ಸೇವೆ’ ಎಂದರೆ ರಶೀದಿ ಹರಿಯುವುದಿಲ್ಲ.

ಮನೆಯ ಕೆಲಸಗಳಿಗೂ ಹೀಗೆಯೇ ಸಂಕಲ್ಪವಾಗಬೇಕು. ‘ಯಾವಾಗಲಾದರೂ ಶುಗರ್ ಟೆಸ್ಟ್ ಮಾಡಿಸಬೇಕು’ ಎಂಬುದು ಸಂಕಲ್ಪವಲ್ಲ. ‘ಬರುವ ಸೋಮವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಮ್ಮೂರ ಆರೋಗ್ಯ ಕೇಂದ್ರಕ್ಕೆ ನಾನೇ ಹೋಗುತ್ತೇನೆ’ ಎಂಬುದು ಸಂಕಲ್ಪ. ‘ಒಂದು ಅಂಗಡಿ ಇಡಬೇಕು’ ಎಂಬುದು ಆಸೆ. ‘ಈ ಶುಕ್ರವಾರ ಬ್ಯಾಂಕಿಗೆ ಹೋಗಿ ಸಾಲದ ಅರ್ಜಿ ವಿಚಾರಿಸುತ್ತೇನೆ’ ಎಂಬುದು ಸಂಕಲ್ಪ. ದೊಡ್ಡ ಕೆಲಸವನ್ನು ಒಂದೇ ಸಲ ಹೊರಬೇಕಾಗಿಲ್ಲ. ಬೆಟ್ಟ ಹತ್ತುವವನು ಬೆಟ್ಟವನ್ನು ಹತ್ತುವುದಿಲ್ಲ, ಒಂದೊಂದೇ ಮೆಟ್ಟಿಲು ಹತ್ತುತ್ತಾನೆ.

ತಿಳಿದ ಒಬ್ಬಿಬ್ಬರನ್ನು ಕೇಳಿ, ಹತ್ತು ಜನರನ್ನು ಬೇಡ. ಯೋಚನೆಗೆ ಒಂದು ಗಡುವು ಇಟ್ಟುಕೊಳ್ಳಿ. ಗಡುವು ಮುಗಿದ ದಿನ ದೀಪ ಹಚ್ಚಿ, ಕೈಮುಗಿದು ತೀರ್ಮಾನ ಮಾಡಿ. ತೀರ್ಮಾನವನ್ನು ಮನೆಯಲ್ಲಿ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ಮುಂದೆ ಫಲ ನೆನೆದಂತೆ ಬಾರದಿದ್ದರೆ ಕುಗ್ಗಬೇಡಿ. ಮಾಡುವುದು ಮಾತ್ರ ಮನುಷ್ಯನ ಪಾಲು, ಫಲ ಸ್ವಾಮಿಯ ಪಾಲು. ದಾರಿ ತಪ್ಪಾಗಿದ್ದರೆ ನಡೆಯುವವನನ್ನು ತಿರುಗಿಸುವುದು ದೇವರಿಗೆ ಸುಲಭ. ಕೂತವನನ್ನು ಯಾವ ಕಡೆಗೆ ತಿರುಗಿಸಿದರೇನು?

ಸಂಕಲ್ಪದ ಕೊನೆಗೆ ಅಂಗೈಯ ನೀರನ್ನು ತಟ್ಟೆಗೆ ಬಿಡುತ್ತಾರೆ. ಬಿಟ್ಟ ನೀರನ್ನು ಯಾರೂ ಮತ್ತೆ ಕೈಗೆ ತೆಗೆದುಕೊಳ್ಳುವುದಿಲ್ಲ. ಬೆಟ್ಟ ಇಳಿಯುವ ಮೊದಲು ಪ್ರತಿಯೊಬ್ಬ ಭಕ್ತರೂ ಸನ್ನಿಧಿಯಲ್ಲಿ ಎರಡು ನಿಮಿಷ ಕಣ್ಮುಚ್ಚಿ ಕೂತು, ಬಹಳ ದಿನದಿಂದ ಮುಂದೂಡಿದ ಒಂದೇ ಒಂದು ಕೆಲಸವನ್ನು ಹೆಸರಿಟ್ಟು, ದಿನವಿಟ್ಟು ಸ್ವಾಮಿಗೆ ಒಪ್ಪಿಸಲಿ. ಆ ದಿನ ಬಂದಾಗ ಎದ್ದು ಹೊರಡಲಿ. ಹೊರಟವರ ಮುಂದೆ ಸ್ವಾಮಿ ದೀಪ ಹಿಡಿದು ನಡೆಯಲಿ, ಎಲ್ಲರಿಗೂ ಆಯುರಾರೋಗ್ಯ, ಕೈತುಂಬ ಕೆಲಸ, ಮನೆತುಂಬ ನೆಮ್ಮದಿ ಕೊಡಲಿ.

ಶುಭಮಸ್ತು.